ಅಜ್ಜಿಯ ಮುಖಕ್ಕೆ ಬೇಕಾದ ಬೆಳಕು

ನಮ್ಮ ಮನೆಯಲ್ಲಿ ದಿನಾ ಬಿಸಿಲಿಗಾಗಿ ಜಗಳವಾಗುತ್ತಿತ್ತು. ಮದರಾಸಿನ ಪ್ಯಾರೀಸ್ ಕಾರ್ನರಿನ ಗದ್ದಲ ದಾಟಿ ಸೌಕಾರ್‌ಪೇಟೆಯ ಕಡೆಗೆ ನುಗ್ಗುವ ಒಂದು ಗಲ್ಲಿಯಲ್ಲಿ, ಎರಡು ಗೋದಾಮುಗಳ ನಡುವೆ ಸಿಕ್ಕಿಕೊಂಡ ಮನೆ ಅದು. ಅಗಲ ಕಡಿಮೆ, ಉದ್ದ ಜಾಸ್ತಿ. ರೈಲುಡಬ್ಬಿಯ ಹಾಗೆ ಒಂದರ ಹಿಂದೆ ಒಂದು ಕೋಣೆ, ನಡುವೆ ಒಂದು ಚಾಪೆ ಹಾಸುವಷ್ಟು ತೆರೆದ ಅಂಗಳ. ಮಧ್ಯಾಹ್ನದ ಹೊತ್ತಿಗೆ ಆ ಅಂಗಳಕ್ಕೆ ಬೀಳುವ ಒಂದು ತುಂಡು ಬಿಸಿಲೇ ಇಡೀ ಮನೆಯ ಆಸ್ತಿ. ಅಮ್ಮನಿಗೆ ಅದು ಹಪ್ಪಳ ಒಣಗಿಸಲು ಬೇಕು, ಅಪ್ಪಯ್ಯನಿಗೆ ಬ್ಲಾಕ್ ಮಾಡಲು ಬೇಕು. ಅಪ್ಪಯ್ಯನದು ಪ್ರೆಸ್ಸಿನವರಿಗೆ ಚಿತ್ರದ ಬ್ಲಾಕ್ ಮಾಡಿಕೊಡುವ ಕಸುಬು. ಫೋಟೋ ಒಂದನ್ನು ದೊಡ್ಡ ಕ್ಯಾಮೆರಾದಲ್ಲಿ ಗಾಜಿನ ಮೇಲೆ ಇಳಿಸುವುದು, ಆ ಗಾಜನ್ನು ಅಂಟು ಬಳಿದ ಸತುವಿನ ತಗಡಿನ ಮೇಲೆ ಇಟ್ಟು ಬಿಸಿಲಿಗೆ ಹಿಡಿಯುವುದು, ಆಮೇಲೆ ತಗಡನ್ನು ತೊಳೆದು, ಒಲೆಯ ಮೇಲೆ ಕಾಯಿಸಿ, ಆಸಿಡ್ಡಿನಲ್ಲಿ ಮುಳುಗಿಸುವುದು. ಬೆಳಕು ತಾಗಿದ ಜಾಗ ಉಳಿಯುತ್ತದೆ, ತಾಗದ ಜಾಗವನ್ನು ಆಸಿಡ್ ತಿನ್ನುತ್ತದೆ. ಕೊನೆಗೆ ತಗಡಿನ ಮೇಲೆ ಒಂದು ಮುಖ ಎದ್ದು ನಿಲ್ಲುತ್ತದೆ. ಮದುವೆಯ ಗಂಡಿನದು, ತೀರಿಕೊಂಡ ಸಾಹುಕಾರರದು, ತಲೆನೋವಿನ ಮಾತ್ರೆ ಹಿಡಿದ ಹೆಂಗಸಿನದು, ಹೀಗೆ ಯಾರದಾದರೂ.

ಆ ಅಂಟು ಮೀನಿನದು. ಅದನ್ನು ಬಳಿಯಲು ಕತ್ತಲೆಯ ಕೋಣೆ ಬೇಕಾಗಿ, ಕಿಟಕಿಯಿಲ್ಲದ ದೇವರ ಕೋಣೆಯನ್ನು ಅಪ್ಪಯ್ಯ ತೆಗೆದುಕೊಂಡಿದ್ದರು. ದೇವರುಗಳು ಅಡಿಗೆಮನೆಯ ಹಲಗೆಯ ಮೇಲೆ ಉಪ್ಪಿನಕಾಯಿ ಭರಣಿಗಳ ಪಕ್ಕ ಕುಳಿತಿದ್ದವು. ಕುಂದಾಪುರದಿಂದ ಅಜ್ಜಿಯನ್ನು, ಅಂದರೆ ಅಪ್ಪಯ್ಯನ ತಾಯಿಯನ್ನು, ಕರೆತಂದ ದಿನವೇ ಆಕೆ ಬಾಗಿಲಲ್ಲಿ ನಿಂತು ಮೂಗು ಮುಚ್ಚಿಕೊಂಡಳು.

"ದೇವ್ರ್ ಕೋಣಿಯಂಗೆ ಮೀನಾ! ಇದೆಂತ ಮನಿಯಾ?"

"ಮೀನಲ್ಲ ಅಬ್ಬೆ, ಅದ್ ಮರದ್ ಅಂಟ್" ಎಂದರು ಅಪ್ಪಯ್ಯ. ಅಜ್ಜಿ ನಂಬಲಿಲ್ಲ. ಕಡಲ ಬದಿಯಲ್ಲಿ ಹುಟ್ಟಿ ಬೆಳೆದವಳಿಗೆ ಮೀನಿನ ವಾಸನೆ ಗೊತ್ತಾಗದೆ ಇರುತ್ತದೆಯೇ?

ಅಜ್ಜಿಗೆ ಮರೆವು ಶುರುವಾಗಿತ್ತು. ಮೊದಲು ಉಂಡದ್ದು ಮರೆಯುತ್ತಿದ್ದಳು. ಎಲೆ ಎತ್ತಿದ ಕೂಡಲೇ "ನಂಗಿನ್ನೂ ಬಡಿಸ್ಲಿಲ್ಲ" ಎಂದು ಅಮ್ಮನ ಮೇಲೆ ಕೂಗುತ್ತಿದ್ದಳು. ಅಮ್ಮನೂ ಸುಮ್ಮನಿರುವವಳಲ್ಲ. ಅತ್ತೆ ಸೊಸೆಯ ದನಿ ಎರಡೂ ಸೇರಿದರೆ ಪಕ್ಕದ ಗೋದಾಮಿನ ಮೂಟೆ ಹೊರುವವರು ತಲೆಯೆತ್ತಿ ನೋಡುತ್ತಿದ್ದರು. ಆಮೇಲೆ ಅಜ್ಜಿ ನನ್ನ ಹೆಸರು ಮರೆತಳು. ಎಂದೋ ತೀರಿಕೊಂಡ ತನ್ನ ಮಗಳ ಹೆಸರಿನಿಂದ ನನ್ನನ್ನು ಲಚ್ಚು ಎಂದು ಕರೆಯತೊಡಗಿದಳು. ಶಾಲೆಯಿಂದ ಬಂದವಳು ನಾನು ತಮಿಳಿನಲ್ಲಿ ಏನಾದರೂ ಹೇಳಿದರೆ, "ಈ ಲಚ್ಚು ಎಂತ ಮಾತಾಡ್ತಳೋ, ಜ್ವರ ಬಂದಿತ್ತಾ ಕಾಣಿ" ಎಂದು ನನ್ನ ಹಣೆ ಮುಟ್ಟುತ್ತಿದ್ದಳು. ಸಂಜೆಯಾದರೆ ಅವಳಿಗೆ ಚಡಪಡಿಕೆ. ಊರಿನಲ್ಲಿ ಸೂರ್ಯ ಕಡಲಿಗೆ ಮುಳುಗುತ್ತಿದ್ದ. ಮದರಾಸಿನಲ್ಲಿ ಅವನು ಕಡಲಿನಿಂದ ಏಳುತ್ತಾನೆ. "ಇಲ್ ಕಡ್ಲೇ ತಪ್ಪ್ ಬದಿಗಿತ್ತ್" ಎಂದು ಗೊಣಗುತ್ತ ಬಾಗಿಲು ತೆರೆದು ಹೊರಟುಬಿಡುತ್ತಿದ್ದಳು. ಒಮ್ಮೆ ಗಲ್ಲಿಯ ತುದಿಯಲ್ಲಿ ಸಿಕ್ಕಿದಳು, ಇನ್ನೊಮ್ಮೆ ಹೂವಿನ ಅಂಗಡಿಯ ಮುಂದೆ. ಅಂದಿನಿಂದ ಅಮ್ಮ ಹಗಲಲ್ಲೂ ಚಿಲಕ ಹಾಕುತ್ತಿದ್ದಳು. ರಾತ್ರಿ ಮಲಗಿದಾಗ ಗಾಳಿಗೆ ಬಾಗಿಲು ಕದಲಿದರೂ ನಾನು ಎದ್ದು ಕೂರುತ್ತಿದ್ದೆ, ಪಕ್ಕದಲ್ಲಿ ಅಜ್ಜಿ ಇದ್ದಾಳೋ ಇಲ್ಲವೋ ಎಂದು ಕೈಯಾಡಿಸುತ್ತಿದ್ದೆ. ಆ ವಯಸ್ಸಿನ ನನ್ನ ನಿದ್ದೆಯೆಲ್ಲ ಹಾಗೆಯೇ, ಒಂದು ಕೈ ಎಚ್ಚರವಾಗಿದ್ದ ನಿದ್ದೆ.

ನಡುಮನೆಯ ಮೂಲೆಯಲ್ಲಿ, ಅಮ್ಮನ ಹಳೆಯ ಸೀರೆ ಹೊದ್ದುಕೊಂಡು, ಆಳೆತ್ತರದ ಒಂದು ಆರ್ಕ್ ದೀಪ ನಿಂತಿತ್ತು. ಯಾವುದೋ ಸಿನಿಮಾ ಸ್ಟುಡಿಯೋ ಮಾರಿದ ಗುಜರಿಯಲ್ಲಿ ಅಪ್ಪಯ್ಯ ಅದನ್ನು ಕೊಂಡು ತಂದಿದ್ದರು. ಕಬ್ಬಿಣದ ಕಾಲು, ತಗಡಿನ ಗೂಡು, ಒಳಗೆ ಎದುರುಬದುರಾಗಿ ಎರಡು ಇಂಗಾಲದ ಕಡ್ಡಿ. ಕಡ್ಡಿಗಳ ತುದಿ ತಾಗಿಸಿ ಎಳೆದರೆ ನಡುವೆ ವಿದ್ಯುತ್ತು ಹಾರಿ ಸೂರ್ಯನಂಥ ಬೆಳಕು ಬರುತ್ತದಂತೆ. ಮಳೆಗಾಲದಲ್ಲಿ ಮೋಡ ಕವಿದರೆ ಕೆಲಸ ನಿಲ್ಲುವ ಕಸುಬಿನವರಿಗೆ ಇದಕ್ಕಿಂತ ದೊಡ್ಡ ಆಸೆ ಯಾವುದು? ಆದರೆ ಮನೆಯ ಕರೆಂಟಿನಿಂದ ಅದು ಉರಿಯುವಂಥದಲ್ಲ. ಅಮ್ಮನ ತಮ್ಮ ಶೀನ ಮಾವ ಪೆರಂಬೂರಿನ ರೈಲ್ವೆ ಕಾರ್ಖಾನೆಯಲ್ಲಿ ವಿದ್ಯುತ್ ಕೆಲಸದಲ್ಲಿದ್ದ. ಅವನನ್ನು ಊಟಕ್ಕೆ ಕರೆದು ದೀಪ ತೋರಿಸಿದಾಗ ಅವನು ಬಗ್ಗಿ ನೋಡಿ, ಸಾರನ್ನ ಕಲಸುತ್ತಲೇ ಹೇಳಿದ:

"ಭಾವ, ಇದನ್ ಮನಿ ಲೈನಿಗ್ ಕೊಟ್ರೆ ಇಡೀ ಗಲ್ಲಿಯ ಫ್ಯೂಸ್ ಹ್ವಾತ್ತ್. ಗುಜರಿ ಗುಜರಿಯೇ. ನೀವ್ ಮೋಸ ಹೋಯ್ರಿ."

ಅಪ್ಪಯ್ಯನ ಮುಖ ಕೆಂಪಾಯಿತು. "ನನ್ ಮನಿಯಂಗ್ ಉಂಬ್ತಾ ನಂಗೆ ಬುದ್ಧಿ ಹೇಳ್ತ್ಯಾ?" ಎಂದರು. ಮಾವ ಅರ್ಧ ಎಲೆಯಲ್ಲೇ ಎದ್ದು ಕೈತೊಳೆದು ಹೋದ. ಆಮೇಲೆ ನಮ್ಮ ಹೊಸ್ತಿಲು ತುಳಿಯಲಿಲ್ಲ. ಅಮ್ಮ ಆ ದೀಪಕ್ಕೆ ಸೀರೆ ಹೊದಿಸಿದ್ದು ಅಂದೇ. ನೋಡಿದರೆ ಹೊಟ್ಟೆ ಉರಿಯುತ್ತದೆ ಎಂದಳು.

ಆ ವರ್ಷದ ಹಿಂಗಾರಿನಲ್ಲಿ, ಬೀದಿಯವರೆಲ್ಲ ಪುಯಲ್ ಎನ್ನುತ್ತಿದ್ದ ಚಂಡಮಾರುತ ಬಂತು. ರಾತ್ರಿಯೆಲ್ಲ ಗೋದಾಮಿನ ತಗಡುಗಳು ಬಡಿದುಕೊಂಡವು. ಕರೆಂಟು ಹೋಯಿತು. ಬೆಳಗ್ಗೆ ಅಮ್ಮ ಒಲೆಗೆ ಬೆಂಕಿ ಹಿಡಿಸಲು ಒದ್ದಾಡುತ್ತಿದ್ದಾಗ ಮುಂಬಾಗಿಲು ಗೋಡೆಗೆ ಬಡಿಯುವ ಸದ್ದು ಕೇಳಿಸಿತು. ಅವಳು ಓಡಿಹೋಗಿ ನೋಡಿದಳು. ಚಿಲಕ ಮೊಳೆಯ ಸಮೇತ ಕಿತ್ತು ನೇತಾಡುತ್ತಿತ್ತು.

"ಹ್ವಾಯ್! ಅತ್ತಿ ಒಳ್ಗೂ ಇಲ್ಲ, ಹಿತ್ಲಂಗೂ ಇಲ್ಲ!"

ಅಪ್ಪಯ್ಯ ಅಂಗಿಯನ್ನೂ ಹಾಕದೆ ಮಳೆಗೆ ಇಳಿದರು. ಗಲ್ಲಿಯಲ್ಲಿ ಮೊಣಕಾಲುದ್ದ ನೀರು. ಆ ದಿನವೆಲ್ಲ, ಮರುದಿನವೆಲ್ಲ ಅವರು ಹುಡುಕಿದರು. ಆಸ್ಪತ್ರೆ, ಪೋಲೀಸ್ ಠಾಣೆ, ಬಂದರಿನ ಗೇಟು, ಮನೆ ಕಳೆದುಕೊಂಡವರನ್ನು ಸೇರಿಸಿದ್ದ ಶಾಲೆಗಳು, ಎಲ್ಲ ಕಡೆ ಹೋಗಿಬಂದರು. ಶಾಲೆಗಳ ತುಂಬ ಮುದುಕಿಯರಿದ್ದರಂತೆ. ಬಿಳಿಕೂದಲು, ಒದ್ದೆ ಸೀರೆ, ನಡುಗುವ ಕೈ. ಬಾಯಿಮಾತಿನಲ್ಲಿ ನಮ್ಮ ಅಜ್ಜಿಯನ್ನು ಹೇಗೆ ವರ್ಣಿಸಿದರೂ ಅದು ಎಲ್ಲ ಮುದುಕಿಯರ ವರ್ಣನೆಯೇ ಆಗುತ್ತಿತ್ತು. ತಮಿಳು ಬಾರದ, ತನ್ನ ಹೆಸರನ್ನೇ ಒಮ್ಮೊಮ್ಮೆ ಮರೆಯುವ ಅಜ್ಜಿ, ಕೇಳಿದವರಿಗೆ ತಾನಾಗಿ ಏನು ಹೇಳಿಯಾಳು?

ಮನೆಯೊಳಗೆ ಗಂಡಹೆಂಡಿರ ಮಾತು ಕತ್ತಿಯಂತೆ ಆಗಿತ್ತು.

"ಬಾಗ್ಲ್ ಕಾಂಬುಕೂ ಆಯ್ಲಿಲ್ಯಾ ನಿಂಗೆ?"

"ಚಿಲ್ಕ ಅಲ್ಲಾಡ್ತಿತ್ತ್, ಸಮ ಮಾಡ್ಸಿ ಅಂತ ದೀಪಾವಳಿಯಿಂದ ಹೇಳ್ತಾ ಇದ್ದೆ. ನಿಮ್ಗೆ ಕೇಂತಾ?"

ಆಮೇಲೆ ಇಬ್ಬರೂ ಮಾತು ಬಿಟ್ಟರು. ಅದು ನನಗೆ ಜಗಳಕ್ಕಿಂತ ಹೆಚ್ಚು ಹೆದರಿಕೆ ಹುಟ್ಟಿಸಿತು. ಅಮ್ಮ ಅಜ್ಜಿಯ ತಟ್ಟೆಯನ್ನು ತೊಳೆದು, ಒರೆಸಿ, ಮತ್ತೆ ತೊಳೆಯುತ್ತಿದ್ದಳು. ಅಜ್ಜಿಯೊಡನೆ ಜಗಳವಾಡಿದ ಒಂದೊಂದು ಮಾತೂ ಅವಳಿಗೆ ನೆನಪಾಗುತ್ತಿತ್ತು ಎಂದು ಈಗ ನನಗನಿಸುತ್ತದೆ. ಮೂರನೆಯ ದಿನ ಬೆಳಗ್ಗೆ ಅಪ್ಪಯ್ಯ ಕ್ಯಾಮೆರಾದ ಪಕ್ಕ ನೆಲದ ಮೇಲೆ ಕೂತು ಅಜ್ಜಿಯ ಒಂದೇ ಒಂದು ಫೋಟೋ ನೋಡುತ್ತಿದ್ದರು. ನಾನು ಹುಟ್ಟಿದ ವರ್ಷ ಊರಿನಲ್ಲಿ ತೆಗೆದದ್ದು. ನನ್ನನ್ನು ತೊಡೆಯ ಮೇಲಿಟ್ಟುಕೊಂಡು, ಬಿಸಿಲಿಗೆ ಕಣ್ಣು ಕಿರಿದಾಗಿಸಿ, ಯಾರನ್ನೋ ಬೈಯಲು ಹೊರಟಂತೆ ಕೂತಿದ್ದಾಳೆ. ದಿನಾ ಯಾರ ಯಾರದೋ ಮುಖ ಮಾಡಿಕೊಡುವ ಮನುಷ್ಯ ತನ್ನ ತಾಯಿಯ ಮುಖ ಎಂದೂ ಮಾಡಿರಲಿಲ್ಲ.

"ಇದ್ರ ಬ್ಲಾಕ್ ಆಯಿದ್ರೆ" ಎಂದರು, ಯಾರಿಗೂ ಅಲ್ಲದ ಹಾಗೆ. "ಪಕ್ಕದ್ ಗಲ್ಲಿಯ ಪ್ರೆಸ್ಸ್ ಕಾಲಂಗ್ ತುಳೂದ್, ಕರೆಂಟ್ ಬ್ಯಾಡ. ನೋಟೀಸ್ ಅಚ್ಚ್ ಮಾಡ್ಸಿ ಊರೆಲ್ಲ ಹಂಚ್ಲಕ್ಕಿತ್ತ್. ನಮ್ಮೂರರ ಹೋಟ್ಲ್ ಇಲ್ದಿದ್ದ್ ಬೀದಿ ಇತ್ತಾ ಇಲ್ಲಿ?" ತಲೆಯೆತ್ತಿ ಅಂಗಳ ನೋಡಿದರು. ಆಕಾಶ ಮಸಿ ಬಳಿದ ಬಾಣಲೆಯ ಹಾಗಿತ್ತು.

ಆಗಲೇ ಗಲ್ಲಿಯಿಂದ ನೀಲಿ ಬೆಳಕೊಂದು ಫಳಫಳ ಎಂದು ನಮ್ಮ ಗೋಡೆಯ ಮೇಲೆ ಹಾದುಹೋಯಿತು. ಅಮ್ಮ ಬಾಗಿಲಿಗೆ ಹೋದಳು. ಗಾಳಿಗೆ ವಾಲಿದ ಗೋದಾಮಿನ ಗೇಟನ್ನು ಆರುಮುಗಂ ಟಾರ್ಪಾಲಿನಡಿ ವೆಲ್ಡ್ ಮಾಡುತ್ತಿದ್ದ. ಗಲ್ಲಿಯ ತುದಿಯಲ್ಲಿ ಗ್ರಿಲ್ ಅಂಗಡಿ ಇಟ್ಟುಕೊಂಡಿದ್ದವನು. ಅವನ ಪಕ್ಕದಲ್ಲಿ ಗಾಡಿಯ ಮೇಲೆ ಒಂದು ಎಂಜಿನ್ನು ಗುಡುಗುಡು ಎನ್ನುತ್ತಿತ್ತು.

"ಕರೆಂಟ್ ಇಲ್ದೆ ಅವ್ನಿಗ್ ಬೆಳ್ಕ್ ಎಲ್ಲಿಂದ ಬಂತ್?" ಎಂದಳು ಅಮ್ಮ. ಎರಡು ದಿನದಲ್ಲಿ ಗಂಡನಿಗೆ ಅವಳು ಆಡಿದ ಮೊದಲ ನೆಟ್ಟಗಿನ ಮಾತು.

"ಎಂಜಿನ್ನಿಂದ. ಅದೇ ಕರೆಂಟ್ ಹುಟ್ಸತ್ತ್." ಅಪ್ಪಯ್ಯ ಮಾತು ನಿಲ್ಲಿಸಿ ಮೂಲೆಯ ದೀಪದ ಕಡೆ ನೋಡಿದರು. ವೆಲ್ಡಿಂಗ್ ಎಂದರೂ ಅದೇ ಕಿಡಿ, ಅದೇ ಹಾರುವ ವಿದ್ಯುತ್ತು. ಅಲ್ಲಿ ಕಬ್ಬಿಣ ಕರಗುತ್ತದೆ, ಇಲ್ಲಿ ಇಂಗಾಲ ಉರಿಯುತ್ತದೆ. "ಆಪ್ದೋ ಏನೋ. ಆದ್ರೆ ನಂಗ್ ಲೈನ್ ಕೊಡೂಕ್ ಬತ್ತಿಲ್ಲ. ತಪ್ಪಿರೆ ದೀಪ ಒಡೂದ್, ಇಲ್ಲ ನಾವ್ ಸಾಯೂದ್. ಅದಕ್ಕೆ ಗೊತ್ತಿದ್ದರ್ ಬೇಕ್..." ಅವರು ಹೆಸರು ಹೇಳಲಿಲ್ಲ. ಅಮ್ಮ ಸೆರಗು ಸಿಕ್ಕಿಸಿಕೊಂಡು, ನನ್ನ ಕೈ ಹಿಡಿದು, ಮಳೆಗೆ ಇಳಿದೇಬಿಟ್ಟಳು.

ಪೆರಂಬೂರಿನ ಮಾವನ ಮನೆಗೆ ನಡೆದ ಆ ನಡಿಗೆ ನನ್ನ ಮೈಯಲ್ಲಿ ಇನ್ನೂ ಇದೆ. ಬಿದ್ದ ಮರಗಳು, ನೀರಿನಲ್ಲಿ ಎಲ್ಲೆಂದರಲ್ಲಿ ತೇಲುವ ಬುಟ್ಟಿ ಚಪ್ಪಲಿಗಳು. ದೂರದಲ್ಲಿ ಬಿಳಿ ಬಟ್ಟೆಯ ಗಂಟು ಕಂಡಾಗಲೆಲ್ಲ ಅಮ್ಮನ ಹಿಡಿತ ಬಿಗಿಯಾಗುತ್ತಿತ್ತು. ಹತ್ತಿರ ಹೋಗಿ ಅದು ಬರೀ ಬಟ್ಟೆ ಎಂದು ತಿಳಿದ ಮೇಲೆ ಸಡಿಲವಾಗುತ್ತಿತ್ತು. ನಾನು ಅತ್ತ ನೋಡಲಿಲ್ಲ. ಅಮ್ಮನ ಕೈಯಿಂದಲೇ ಎಲ್ಲ ತಿಳಿದುಕೊಂಡೆ. ಮಾವ ಬಾಗಿಲು ತೆರೆದು ಬೆರಗಾದ.

"ಅಕ್ಕ! ಈ ಮಳಿಯಂಗ್ ನೀ ಬಪ್ಪುದಾ?"

"ಅತ್ತಿ ಕಾಂತಿಲ್ಲ ಶೀನ. ಆ ದೀಪ ಹತ್ಸಿ ಕೊಡ್ಕ್ ನೀನ್. ಅರ್ಧ ಎಲಿ ಬಿಟ್ಟೆದ್ದದ್ದ್ ಆಮೇಲ್ ನೆನಪ್ ಮಾಡ್ಕೊ."

ಮಾವ ಚೀಲಕ್ಕೆ ಸಾಮಾನು ತುಂಬಿದ. ನಮ್ಮ ಮನೆಯ ಹೊಸ್ತಿಲು ದಾಟಿದವನು ಅಪ್ಪಯ್ಯನ ಮುಖ ನೋಡದೆ ಕೇಳಿದ:

"ದೀಪ ಎಲ್ಲಿತ್ತ್ ಭಾವ?"

"ಅಲ್ಲೇ" ಎಂದರು ಅಪ್ಪಯ್ಯ. ಅಷ್ಟೇ. ಅವರ ನಡುವಿನ ಜಗಳ ಮುಗಿದದ್ದು ಹಾಗೆ.

ಆರುಮುಗಂ ಮೊದಲು ಒಪ್ಪಲಿಲ್ಲ. "ಇದು ಇರುಂಬು ಒಟ್ಟುರ ಮೆಷಿನ್ ಸಾರ್, ವಿಳಕ್ಕು ಎರಿಕ್ಕುರ ಮೆಷಿನ್ ಇಲ್ಲೆ" ಎಂದ. ಕಬ್ಬಿಣ ಅಂಟಿಸುವ ಯಂತ್ರದಿಂದ ದೀಪ ಉರಿಸಲು ಹೋಗಿ ಅದು ಸುಟ್ಟುಹೋದರೆ ತನ್ನ ಗತಿ ಏನು ಎಂಬ ಭಯ ಅವನಿಗೆ. ಆದರೆ ಪಾಟ್ಟಿ, ಅಂದರೆ ನಮ್ಮ ಅಜ್ಜಿ, ಕಾಣೆಯಾದ ಸುದ್ದಿ ಅವನಿಗೂ ಗೊತ್ತಿತ್ತು. ಕೊನೆಗೆ ಗಾಡಿಯನ್ನು ತಾನೇ ನೂಕಿಕೊಂಡು ನಮ್ಮ ಬಾಗಿಲಿಗೆ ತಂದ. ಎಂಜಿನ್ನು ಹೊರಗೆ ಟಾರ್ಪಾಲಿನಡಿ ನಿಂತಿತು. ಎರಡು ದಪ್ಪ ಕೇಬಲ್ಲುಗಳು ಹಾವಿನಂತೆ ಒಳಗೆ ಬಂದವು. ಮಾವ ಒಂದನ್ನು ಮೇಲಿನ ಕಡ್ಡಿಯ ತೋಳಿಗೆ, ಇನ್ನೊಂದನ್ನು ಕೆಳಗಿನದಕ್ಕೆ ಕಚ್ಚಿಸಿದ. ತೋಳಿನ ಬುಡದ ಪಿಂಗಾಣಿ ಬಿರುಕು ಬಿಟ್ಟಿತ್ತು; ಕರೆಂಟು ದೀಪದ ಮೈಗೆ ಹರಿಯದಂತೆ ಅಲ್ಲಿ ಅಭ್ರಕದ ಹಾಳೆಗಳನ್ನು ತುರುಕಿದ. ನೆಲ ಒದ್ದೆಯಾಗಿದ್ದರಿಂದ ನಮ್ಮ ಊಟದ ಮಣೆಗಳನ್ನು ತರಿಸಿ ಸುತ್ತ ಜೋಡಿಸಿದ. ಕಡ್ಡಿಗಳು ಮಾತ್ರ ಚೋಟುದ್ದದವು. ಸಿನಿಮಾ ಟಾಕೀಸಿನ ಆಪರೇಟರು ಬಿಸಾಡಿದ ಮೋಟುಗಳನ್ನು ಅಪ್ಪಯ್ಯ ಬಿಸ್ಕೀಟಿನ ಡಬ್ಬಿಯಲ್ಲಿ ಕೂಡಿಟ್ಟಿದ್ದರು.

ಮೊದಲ ಸಲ ಕಡ್ಡಿ ತಾಗಿಸಿದಾಗ ಟಪ್ ಎಂದು ಸಿಡಿದು ಚೂರಾಯಿತು. "ಕಮ್ಮಿ ಮಾಡು, ಕಮ್ಮಿ ಮಾಡು!" ಎಂದು ಮಾವ ಕೂಗಿದ. ಕಬ್ಬಿಣ ಕರಗಿಸುವ ರಭಸ ಇಂಗಾಲಕ್ಕೆ ಜಾಸ್ತಿ. ಆರುಮುಗಂ ಯಂತ್ರದ ಕೈ ತಿರುಗಿಸಿ ಇಳಿಸಿದ. ಎರಡನೆಯ ಸಲ ಬೆಳಕು ಹುಟ್ಟಿತು, ಹೊಗೆ ಉಗುಳಿತು, ಕುಣಿಯಿತು, ಸತ್ತುಹೋಯಿತು. ಮಾವ ಕೇಬಲ್ಲುಗಳನ್ನು ಅದಲುಬದಲು ಮಾಡಿದ. ಮೂರನೆಯ ಸಲ ಸುಯ್ ಎಂಬ ಸದ್ದು ಎದ್ದು ನಿಂತಿತು.

ಆ ಬೆಳಕನ್ನು ನಾನು ನೋಡಲಿಲ್ಲ. ಅಡಿಗೆಮನೆಯ ಗೋಡೆಗೆ ಮುಖ ಮಾಡಿ ನಿಲ್ಲಬೇಕೆಂದು ಅಪ್ಪಣೆಯಾಗಿತ್ತು. ಆದರೆ ಆ ಗೋಡೆಯ ಮೇಲೆ ನನ್ನ ನೆರಳು ಕತ್ತರಿಸಿ ಅಂಟಿಸಿದ ಹಾಗೆ ಮೂಡಿತು. ಕೂದಲಿನ ಎಳೆ ಎಳೆಯೂ ಕಂಡಿತು. ಉಪ್ಪಿನಕಾಯಿ ಭರಣಿಗಳು, ದೇವರುಗಳು, ಅಜ್ಜಿಯ ತಟ್ಟೆ, ಎಲ್ಲ ಬೆಳ್ಳಗೆ ಬೆಚ್ಚಿಬಿದ್ದಂತೆ ನಿಂತಿದ್ದವು. ಸುಟ್ಟ ವಾಸನೆ ಮೂಗಿಗೆ ಬಡಿಯಿತು. ಮನೆ ಹತ್ತಿಕೊಳ್ಳುತ್ತದೆ, ಅಜ್ಜಿಯಂತೂ ಇಲ್ಲ, ಇವರೂ ಇರುವುದಿಲ್ಲ ಎಂದು ನನಗೆ ಖಂಡಿತ ಅನಿಸಿತು.

ಕಷ್ಟವೆಂದರೆ ಆ ದೀಪ ತಾನಾಗಿ ಉರಿಯುವುದಿಲ್ಲ. ಕಡ್ಡಿ ಉರಿದು ಸವೆದ ಹಾಗೆ, ತಿರುಪು ತಿರುಗಿಸಿ ಅವನ್ನು ಹತ್ತಿರ ತರುತ್ತಲೇ ಇರಬೇಕು. ಎಂಜಿನ್ನು ಮಳೆನೀರು ಕುಡಿದು ಕೆಮ್ಮುತ್ತಿತ್ತು, ಆರುಮುಗಂ ಅದನ್ನು ಬಿಡುವಂತಿಲ್ಲ. ಮಾವ ಕೇಬಲ್ಲಿನ ಕಡೆ ಕಣ್ಣಿಟ್ಟಿರಬೇಕು. ಅಪ್ಪಯ್ಯ ಕ್ಯಾಮೆರಾದ ಹಿಂದೆ.

"ತಿರ್ಪ್ ಯಾರ್ ಕಾಂಬುದ್?" ಎಂದರು ಅಪ್ಪಯ್ಯ.

"ಇತ್ತ ಕೊಡಿ" ಎಂದಳು ಅಮ್ಮ. ಆರುಮುಗನ ಕಪ್ಪುಗಾಜಿನ ಗುರಾಣಿಯನ್ನು ಎಡಗೈಯಲ್ಲಿ ಮುಖಕ್ಕೆ ಹಿಡಿದು, ಮಣೆಯ ಮೇಲೆ ಕಾಲಿಟ್ಟು ನಿಂತಳು. ನೋಡಿದರೆ ಹೊಟ್ಟೆ ಉರಿಯುತ್ತದೆ ಎಂದಿದ್ದ ದೀಪಕ್ಕೆ ತಾನೇ ಕೈ ಹಾಕಿದಳು.

ಫೋಟೋ ಗಾಜಿಗೆ ಇಳಿಯಿತು. ಅಪ್ಪಯ್ಯ ಕತ್ತಲೆಯ ಕೋಣೆಯಿಂದ ಗಾಜು ಹಿಡಿದು ಹೊರಬಂದರು. "ಅಬ್ಬೆ ಬಂದಳ್" ಎಂದರು. ಇನ್ನು ಆ ಗಾಜಿನಿಂದ ತಗಡಿಗೆ. ಉಳಿದದ್ದು ಒಂದೇ ಜೊತೆ ಮೋಟು. ದೀಪ ಮತ್ತೆ ಹೊತ್ತಿತು. ಸ್ವಲ್ಪ ಹೊತ್ತಿನಲ್ಲಿ ಸುಯ್ ಎನ್ನುವ ಸದ್ದು ಬದಲಾಯಿತು. ಬೆಳಕು ಬಡಕಲಾಗಿ ನನ್ನ ನೆರಳು ಗೋಡೆಯ ಮೇಲೆ ತತ್ತರಿಸಿತು.

"ಕೆಳ್ಗಿನ್ ತಿರ್ಪ್ ಕಚ್ಕಂಡಿತ್ತ್!" ಅಮ್ಮನ ದನಿ.

"ಬಿಡು ಅಕ್ಕ, ಆರ್‍ಸ್ವ!"

"ಆರ್ಸಿರೆ ಮತ್ತ್ ಕಡ್ಡಿ ಎಲ್ಲಿತ್ತ್?"

ಏನೋ ನೆಲಕ್ಕೆ ಬಿದ್ದ ಸದ್ದಾಯಿತು. ಬಾಗಿಲಿನಿಂದ ಆರುಮುಗಂ ಕಿರುಚಿದ: "ಪಾಕ್ಕಾದೀಂಗ ಅಮ್ಮಾ! ಕಣ್ಣು ಪೋಯಿಡುಂ!" ನೋಡಬೇಡಿ, ಕಣ್ಣು ಹೋಗುತ್ತದೆ. ಅಮ್ಮ ಗುರಾಣಿ ಕೆಳಗೆ ಹಾಕಿ, ಎರಡೂ ಕೈಯಿಂದ ತಿರುಪು ಹಿಡಿದಿದ್ದಳಂತೆ. ಬೆಳಕು ಮತ್ತೆ ಬಲಿಯಿತು. ಕಣ್ಣು ಮುಚ್ಚಿದರೆ ಕಡ್ಡಿಗಳ ನಡುವಿನ ಅಂತರ ಕಾಣದು, ತೆರೆದರೆ ಕುರುಡು. ಅವಳು ತೆರೆದಳು. ಅಪ್ಪಯ್ಯ "ಸಾಕ್, ಸಾಕ್ ಗಿರಿಜ, ಆಯ್ತ್!" ಎನ್ನುವವರೆಗೆ ಕದಲಲಿಲ್ಲ.

ತಗಡನ್ನು ಅಮ್ಮನ ಒಲೆಯ ಮೇಲೆಯೇ ಕಾಯಿಸಿ, ಹಿತ್ತಲಿನ ಆಸಿಡ್ಡಿನ ತಟ್ಟೆಯಲ್ಲಿ ಅಪ್ಪಯ್ಯ ತೂಗಾಡಿಸಿದರು. ಸಂಜೆಗೆ ಪ್ರೆಸ್ಸಿನಲ್ಲಿ ಕಾಗದದ ಮೇಲೆ ಅಜ್ಜಿ ಬಂದಳು, ಕಣ್ಣು ಕಿರಿದಾಗಿಸಿ ಇಡೀ ಮದರಾಸನ್ನು ಬೈಯಲು ಹೊರಟವಳ ಹಾಗೆ. ಅದೇ ಹೊತ್ತಿಗೆ ಅಮ್ಮನ ಕಣ್ಣುಗಳು ಬಾತುಕೊಂಡವು. ರೆಪ್ಪೆಯೊಳಗೆ ಬಿಸಿ ಮರಳು ಸುರಿದ ಹಾಗಿದೆ ಎಂದು ಗೋಡೆಗೆ ತಲೆ ಒತ್ತಿಕೊಂಡಳು. ಮಾವ ಕರೆತಂದ ಡಾಕ್ಟರು ಒದ್ದೆ ಬಟ್ಟೆ ಕಟ್ಟಿ, ದೃಷ್ಟಿ ಬಹುಶಃ ಉಳಿಯುತ್ತದೆ, ಕಾಯಬೇಕು ಎಂದರು. ಆ "ಬಹುಶಃ" ಎಂಬ ಮಾತನ್ನು ಹಿಡಿದುಕೊಂಡು ನಾನು ರಾತ್ರಿ ಕಳೆದೆ. ಒಂದು ಕಡೆ ಅಜ್ಜಿಯ ಖಾಲಿ ಹಾಸಿಗೆ, ಇನ್ನೊಂದು ಕಡೆ ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ಅಮ್ಮ.

ಬೆಳಗ್ಗೆ ಹೋಟೆಲುಗಳು ತೆರೆಯುವ ಮೊದಲೇ ಅಪ್ಪಯ್ಯ, ಮಾವ ನೋಟೀಸು ಹೊತ್ತು ಹೊರಟರು. ನಮ್ಮೂರಿನ ಮಾಣಿಗಳು ಕಾಫಿಯ ಲೋಟದೊಡನೆ ನೋಟೀಸನ್ನೂ ಮೇಜಿಗೆ ಇಟ್ಟರಂತೆ. ಲಾರಿಯವರ ಕೈಯಲ್ಲಿ, ಹಾಲಿನವರ ಕೈಯಲ್ಲಿ ಅದು ಊರಿನ ಅಂಚಿನವರೆಗೂ ಹೋಯಿತು. ಅಲ್ಲಿ ಕಡಲ ಬದಿಯ ತಿರುವೊಟ್ಟಿಯೂರಿನ ಒಂದು ಹೋಟೆಲಿನ ಹಿಂಬಾಗಿಲಿಗೆ ಕಾಫಿ ಕೊಳ್ಳಲು ಬಂದ ಅಂಜಲೈ ಎಂಬ ಮೀನುಗಾರರ ಹೆಂಗಸು ಗೋಡೆಯ ಮೇಲೆ ಆ ಮುಖ ನೋಡಿದಳು. ಅವಳಿಗೆ ಓದು ಬಾರದು.

"ಇದು ಎಂಗ ವೀಟ್ಟು ಪಾಟ್ಟಿ!" ಎಂದಳಂತೆ. ನಮ್ಮ ಮನೆಯ ಅಜ್ಜಿ.

ಗಾಳಿಯ ದಿನ ಅವಳ ಗಂಡನಿಗೆ ದಡದಲ್ಲಿ ದೋಣಿಯ ಮರೆಗೆ ಕೂತ ಅಜ್ಜಿ ಸಿಕ್ಕಿದ್ದಳು. ಅಷ್ಟು ದೂರ ಹೇಗೆ ಹೋದಳೆಂದು ಯಾರಿಗೂ ಎಂದೂ ತಿಳಿಯಲಿಲ್ಲ. ಮಾತು ತಿಳಿಯದಿದ್ದರೂ ಆ ಮನೆಯವರು ಅವಳಿಗೆ ಒಣ ಸೀರೆ ಉಡಿಸಿ, ಗಂಜಿ ಕೊಟ್ಟು, ಮಕ್ಕಳ ನಡುವೆ ಮಲಗಿಸಿಕೊಂಡಿದ್ದರು.

ಮಧ್ಯಾಹ್ನ ಬಾಗಿಲಲ್ಲಿ ಗಾಡಿ ನಿಂತಿತು. ಅಜ್ಜಿ ಅಪ್ಪಯ್ಯನ ಕೈ ಹಿಡಿದು ಒಳಗೆ ಬಂದಳು. ಅವಳಿಗಿಂತ ಮೊದಲು ಅವಳು ಉಟ್ಟ ಸೀರೆಯ ಮೀನಿನ ವಾಸನೆ ಬಂತು. ನಡುಮನೆಯಲ್ಲಿ ಕೂತಿದ್ದ ಅಮ್ಮ ಸದ್ದಿನ ಕಡೆಗೆ ಕೈಚಾಚಿದಳು. ಸಿಕ್ಕಿದ್ದು ಅಜ್ಜಿಯ ಪಾದ, ನೀರಿನಲ್ಲಿ ನೆನೆದು ಊದಿಕೊಂಡದ್ದು. ಹಾಗೇ ಎದ್ದು ನಿಲ್ಲುತ್ತ ಮೊಣಕಾಲು, ಕೈ, ಭುಜ, ಓಲೆ ಜಗ್ಗಿ ತೂತು ದೊಡ್ಡದಾದ ಕಿವಿ, ಸುಕ್ಕಿನ ಗಲ್ಲ ಮುಟ್ಟಿಮುಟ್ಟಿ ನೋಡಿದಳು. ಅಜ್ಜಿ ಅಲ್ಲಾಡದೆ ನಿಂತು ಮುಟ್ಟಿಸಿಕೊಂಡಳು.

"ಯಾರೇ ಇದ್? ಪಾಪ, ಕಣ್ಣ್ ಕಾಂತಿಲ್ಯಾ?"

"ನಾನ್ ಗಿರಿಜ, ಅತ್ತಿ."

"ಗಿರಿಜ ಅಂದ್ರೆ ನಮ್ಮನಿ ಸೊಸಿ ಅಲ್ದಾ" ಎಂದಳು ಅಜ್ಜಿ, ಅಪರಿಚಿತರಿಗೆ ತಿಳಿಹೇಳುವ ದನಿಯಲ್ಲಿ. "ಅವ್ಳ್ ಬಾಯಿ ಜೋರ್. ಆದ್ರೆ ಮನಿಗ್ ಬಂದರಿಗೆ ಉಂಬುಕ್ ಹಾಕ್ದೆ ಕಳ್ಸುಳಲ್ಲ. ಕೂಕೊ ಮಗಾ. ಅವ್ಳ್ ಬರ್ಲಿ, ನಿಂಗೂ ಒಂಚೂರ್ ಗಂಜಿ ಹಾಕೂಕೆ ಹೇಳ್ತೆ."

ಅಮ್ಮನ ಕಣ್ಣಿನ ಬಟ್ಟೆಯ ಕೆಳಗಿನಿಂದ ನೀರಿಳಿಯುತ್ತಿತ್ತು. ಅದು ನೋವಿನದೋ ಬೇರೆಯದೋ ಎಂದು, ಎರಡು ದಿನ ಬಿಟ್ಟು ಬಟ್ಟೆ ಬಿಚ್ಚಿ ನನ್ನ ಮುಖ ನೋಡಿ ನಕ್ಕಾಗಲೂ ಅವಳು ಅದನ್ನು ಹೇಳಲಿಲ್ಲ. ಅಜ್ಜಿ ಬಂದ ಆ ಮಧ್ಯಾಹ್ನ ಅವಳು ಗೋಡೆ ಹಿಡಿದುಕೊಂಡು ಅಡಿಗೆಮನೆಗೆ ಹೋದಳು. ನಾನು ಹಿಂದೆ ಹೋದರೆ ಕೈಯಿಂದಲೇ ಬೇಡವೆಂದಳು. ಪಾತ್ರೆ ತಡಕಾಡುವ ಸದ್ದು ಸ್ವಲ್ಪ ಹೊತ್ತು ಕೇಳಿಸಿತು. ಆಮೇಲೆ ಎರಡು ತಟ್ಟೆ ಗಂಜಿ ಬಡಿಸಿಕೊಂಡು ಹೊರಬಂದು, ಒಂದನ್ನು ಅಜ್ಜಿಯ ಮುಂದೆ ಇಟ್ಟು, ಇನ್ನೊಂದನ್ನು ಹಿಡಿದುಕೊಂಡು ಅವಳ ಪಕ್ಕದಲ್ಲಿ ಕೂತು ಉಣ್ಣತೊಡಗಿದಳು.